ಮಕ್ಕಳಿಗೆ ಆಸಕ್ತಿಯೇ ಇಲ್ಲವಂತೆ!

ಕಾರಣ ಸಿಕ್ಕಿದೆ. ಮಕ್ಕಳಿಗೆ ಆಸಕ್ತಿ ಇಲ್ಲ.

2025ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ದಕ್ಷಿಣ ಕನ್ನಡ ಶೇ. 91.12 ಪಡೆದು ಪಟ್ಟಿಯ ನೆತ್ತಿಯ ಮೇಲೆ ಕೂತಿತು. ಕಲಬುರಗಿ ಶೇ. 42.43 ಪಡೆದು ತಳದಲ್ಲಿ ಕೂತಿತು. ಅದಕ್ಕಿಂತ ಕೆಳಗೆ ಇಳಿಯೋಣ ಎಂದರೆ ಜಾಗವೇ ಇರಲಿಲ್ಲ. ಕೂಡಲೇ ಸಭೆ ಕರೆದರು. ಸಭೆ ಕರೆಯುವುದರಲ್ಲಿ ನಮ್ಮ ಜಿಲ್ಲೆಗೆ ಎಂದೂ ಕೊನೆಯ ಸ್ಥಾನ ಬಂದಿಲ್ಲ.

ಯಾಕೆ ಹೀಗಾಯಿತು? ಬಿಸಿಲು ಕಾರಣ. ಗುಳೆ ಕಾರಣ. ತೊಗರಿ ರಾಶಿ ಕಾರಣ. ಮೊಬೈಲು ಕಾರಣ. ಪರೀಕ್ಷಾ ಕೋಣೆಗೆ ಹಾಕಿದ ಕ್ಯಾಮೆರಾ ಕಾರಣ. ಈ ಕೊನೆಯದು ಮಾತ್ರ ಸ್ವಲ್ಪ ನಿಜ. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಧಾರಾಳವಾಗಿ ಸುರಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಅಲ್ಲಿಯವರೆಗೆ ಪಾಸಾಗುತ್ತಿದ್ದವರು ಯಾರು, ಮಕ್ಕಳೋ, ಕಿಟಕಿಯ ಆಚೆ ನಿಂತವರೋ, ಎಂದು ಯಾವ ಸಭೆಯೂ ಕೇಳಲಿಲ್ಲ.

ಇಷ್ಟೂ ಕಾರಣ ಸಾಲದೆ ಹೋದರೆ ಈ ಭಾಗವನ್ನು ಆಳಿದ ಹೈದರಾಬಾದಿನ ನಿಜಾಮ ಇದ್ದೇ ಇದ್ದಾನೆ. 1948ರ ಸೆಪ್ಟೆಂಬರ್ 17ಕ್ಕೆ ಅವನ ಆಳ್ವಿಕೆ ಮುಗಿಯಿತು. ಫಲಿತಾಂಶದ ಹೊಣೆ ಮಾತ್ರ ಇನ್ನೂ ಅವನ ಹೆಸರಿನಲ್ಲೇ ಇದೆ.

ಕೊನೆಗೆ ಯಾರೋ ಒಬ್ಬರು ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ. "ಮಕ್ಕಳಿಗೇ ಆಸಕ್ತಿ ಇಲ್ಲ ಸರ್." ಎಲ್ಲರೂ ತಲೆಯಾಡಿಸುತ್ತಾರೆ. ಚಹಾ ಬರುತ್ತದೆ.

ಗಣಿತದಲ್ಲಿ ಆಸಕ್ತಿ ಇಲ್ಲ ಅನ್ನಿ, ಒಪ್ಪೋಣ. ಇಂಗ್ಲಿಷಿಗೆ ಹೆದರುತ್ತಾರೆ ಅನ್ನಿ, ಒಪ್ಪೋಣ. ಕನ್ನಡದಲ್ಲಿ ಆಸಕ್ತಿ ಇಲ್ಲ ಎಂದರೆ ಏನು? ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವತನಕ ಬಾಯಿ ಮುಚ್ಚದ ಮಗು ಅದು. ಓಣಿಯಲ್ಲಿ ಜಗಳ ಆಡುತ್ತದೆ, ಬಸ್ಸಿನಲ್ಲಿ ಸೀಟಿಗೆ ವಾದ ಮಾಡುತ್ತದೆ, ಅಂಗಡಿಯವನ ಹತ್ತಿರ ಚಿಲ್ಲರೆಗೆ ಪಟ್ಟು ಹಿಡಿಯುತ್ತದೆ. ಎಲ್ಲ ಕನ್ನಡದಲ್ಲೇ. ಕನ್ನಡದ ಪೀರಿಯಡ್ಡಿಗೆ ಬಂದರೆ ಮೂಕಾಗುತ್ತದೆ. ಅಲ್ಲಿ ಏನೋ ನಡೆಯುತ್ತಿರಬೇಕಲ್ಲ?

ನಡೆಯುವುದು ಇಷ್ಟು. ಮಾಸ್ತರು ಬರುತ್ತಾರೆ. ಮಕ್ಕಳು ಎದ್ದು "ನಮಸ್ತೇ ಸಾ...ರ್" ಎಂದು ರಾಗ ಎಳೆಯುತ್ತಾರೆ. ಆ ನಲವತ್ತು ನಿಮಿಷದಲ್ಲಿ ಅವರು ಬಾಯಿಬಿಡುವುದಕ್ಕೆ ಸಿಗುವ ದೊಡ್ಡ ಅವಕಾಶ ಅದೇ. ಒಬ್ಬಳು ಎದ್ದು ಪಾಠ ಓದುತ್ತಾಳೆ. ಮಾಸ್ತರು ಮೊಬೈಲ್ ಓದುತ್ತಾರೆ. ಎರಡೂ ಓದು ಒಟ್ಟಿಗೆ ಮುಗಿಯುತ್ತವೆ. "ತಿಳೀತಾ?" "ತಿಳೀತ್ರಿ ಸರ್." ಏನು ತಿಳಿಯಿತು ಎಂದು ಅವರು ಕೇಳುವುದಿಲ್ಲ. ಇವರು ಹೇಳುವುದಿಲ್ಲ. ಎರಡೂ ಕಡೆ ರಾಜಿ ಆಗಿ ಎಷ್ಟೋ ವರ್ಷ ಕಳೆದಿದೆ.

ಆಮೇಲೆ ಗೈಡು ಹೊರಬರುತ್ತದೆ. ಶಹಾಬಾದಿನ ಗಣಿಯಲ್ಲಿ ಫರಸಿ ಕೊಯ್ಯುವ ಹಾಗೆ ಪಾಠವನ್ನು ಅಳತೆಗೆ ಕೊಯ್ಯುತ್ತಾರೆ. ಇದು ಒಂದು ಅಂಕದ ತುಂಡು. ಇದು ಎರಡು ಅಂಕದ್ದು. ಇದು ನಾಲ್ಕು ಅಂಕದ್ದು, ಹುಷಾರು, ಒಡೆಯಬೇಡಿ. ಉಳಿದ ಪುಡಿಯನ್ನು ಎಸೆಯುತ್ತಾರೆ. ಕಥೆ ಇದ್ದದ್ದು ಆ ಪುಡಿಯಲ್ಲಿ.

ಪ್ರಶ್ನೆಪತ್ರಿಕೆಯಲ್ಲಿ 'ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ' ಎಂಬ ಪ್ರಶ್ನೆ ಇರುತ್ತದೆ. ಸ್ವಾರಸ್ಯವನ್ನೂ ಬಾಯಿಪಾಠ ಮಾಡಿಸಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವರು ನಾವು. ನಲವತ್ತು ಮಕ್ಕಳು, ನಲವತ್ತು ನೋಟುಬುಕ್ಕು, ಒಂದೇ ಸ್ವಾರಸ್ಯ. ಗೈಡಿನವನು ಮಾಡಿದ ಅಚ್ಚಿನ ತಪ್ಪೂ ನಲವತ್ತು ಕಡೆ ಒಂದೇ. ಮಾಸ್ತರು ಅದಕ್ಕೂ ರೈಟ್ ಹಾಕಿರುತ್ತಾರೆ. ತಪ್ಪು ಹುಡುಕಬೇಕೆಂದರೆ ಓದಬೇಕಲ್ಲ.

ಅಂಥ ಒಂದು ಕಟ್ಟಿನಲ್ಲಿ ಒಬ್ಬ ಹುಡುಗಿ ಎಡವಟ್ಟು ಮಾಡಿದ್ದಳು. ಪಾಠ ಪು.ತಿ.ನ. ಅವರ 'ಶಬರಿ'. ರಾಮನಿಗಾಗಿ ಕಾದ ಮುದುಕಿಯ ಬಗ್ಗೆ ಗೈಡಿನ ನಾಲ್ಕು ಸಾಲು ಬರೆದು ಸುಮ್ಮನಿದ್ದರೆ ಆಗುತ್ತಿತ್ತು. ಇವಳು ಸುಮ್ಮನಿರಲಿಲ್ಲ. ಕೆಳಗೆ ಒಂದು ಸಾಲು ಸೇರಿಸಿದ್ದಳು. "ನಮ್ಮ ಆಯಿ ಪುಣೆಗೆ ದುಡಿಯಲಾಕ ಹೋದ ನಮ್ಮಪ್ಪನ ಹಾದಿ ಹಿಂಗೇ ಕಾಯ್ತಾಳ." ಆ ಸಾಲಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಮಾಸ್ತರ ಷರಾ: "ಪಠ್ಯದಲ್ಲಿ ಇಲ್ಲ."

ಹೌದು, ಪಠ್ಯದಲ್ಲಿ ಇಲ್ಲ. ಪಠ್ಯ ಬರೆದವರು ಬಯಸಿದ್ದು ಮಾತ್ರ ಅದೇ ಸಾಲನ್ನು. ಇಡೀ ತರಗತಿಯಲ್ಲಿ ಪಾಠ ಮುಟ್ಟಿದ್ದು ಒಬ್ಬಳನ್ನು. ಅಂಕ ಕಡಿಮೆ ಬಂದದ್ದೂ ಅವಳಿಗೇ. ಮುಂದಿನ ಪಾಠಕ್ಕೆ ಅವಳೂ ಗೈಡಿನ ನಾಲ್ಕೇ ಸಾಲು ಬರೆದಳು. ಪೂರ್ತಿ ಅಂಕ ಬಂತು. ಈಗ ಅವಳಿಗೂ ಆಸಕ್ತಿ ಇಲ್ಲ. ಕಾರಣ ಹುಡುಕಲು ಸಮಿತಿ ಮಾಡಿ.

ಹತ್ತನೇ ತರಗತಿಯ ಪಠ್ಯದಲ್ಲಿ ಹಲಗಲಿಯ ಬೇಡರ ಲಾವಣಿ ಇದೆ. ಹತಾರ ಕೊಡುವುದಿಲ್ಲ ಎಂದು 1857ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಮುಧೋಳದ ಕಡೆಯ ಊರಿನ ಕಥೆ. ಲಾವಣಿ ಎಂದರೆ ದಪ್ಪು ಬೇಕು, ತುಂತುಣಿ ಬೇಕು, ಎತ್ತರದ ಕಂಠ ಬೇಕು. ನಮ್ಮಲ್ಲಿ ಅದಕ್ಕೆ ಬೇಕಾದದ್ದು ಪದ್ಯದ ಸಾರಾಂಶ, ಹತ್ತು ಸಾಲು, ಡಿಕ್ಟೇಶನ್. "ಬರ್ಕೊಳ್ಳಿ. ಪ್ರಸ್ತುತ ಪದ್ಯಭಾಗವು..." ಬಂಡಾಯದ ಹಾಡನ್ನು ಇಷ್ಟು ನಿದ್ದೆಗಣ್ಣಿನಲ್ಲಿ ಹೇಳಿಕೊಟ್ಟರೆ ಬ್ರಿಟಿಷರಿಗೂ ಸಮಾಧಾನವಾಗುತ್ತಿತ್ತು.

ಆ ಲಾವಣಿಯ ಭಾಷೆ ಉತ್ತರ ಕರ್ನಾಟಕದ ಜನ ಆಡುವ ಭಾಷೆ. ಸರ್ಕಾರವೇ ಅಚ್ಚು ಹಾಕಿಸಿ ಪುಸ್ತಕದಲ್ಲಿ ಕೊಟ್ಟಿದೆ. ಪರೀಕ್ಷೆಗೂ ಬರುತ್ತದೆ. ಅದೇ ಭಾಷೆಯನ್ನು ಹುಡುಗನೊಬ್ಬ ಎದ್ದು ನಿಂತು ಆಡಿದರೆ ಅಪರಾಧ.

ಒಂದು ದಿನ ಎಂಟನೇ ತರಗತಿಯ ಬಿ ವಿಭಾಗದಲ್ಲಿ ಪ್ರಬಂಧ ಬರೆಸುವ ಮುಂಚೆ ಮಾಸ್ತರು ಕೇಳಿದರು, ಮಳೆಗಾಲದಲ್ಲಿ ಏನಾಗುತ್ತದೆ? ಒಬ್ಬ ಹುಡುಗ ಜಿಗಿದು ನಿಂತ. "ಸರ, ಕಾಗಿಣಾ ತುಂಬಿ ಬರ್ತದ್ರಿ. ದಂಡೋತಿ ಬ್ರಿಡ್ಜ್ ಮುಳಗ್ತದ್ರಿ. ಬಸ್ ಬರಂಗಿಲ್ರಿ. ನಮ್ ಕಾಕಾ ಆ ಕಡಿ, ನಾವು ಈ ಕಡಿ, ನಿಂತಲ್ಲಿಂದೇ ಒದರಾಡಿ ಮಾತಾಡ್ತೀವ್ರಿ." ಹೊಳೆಯ ಎರಡು ದಡದಲ್ಲಿ ನಿಂತು ಕೂಗಾಡುವ ಒಂದು ಮನೆತನ. ಇದಕ್ಕಿಂತ ಒಳ್ಳೆಯ ಮೊದಲ ಪ್ಯಾರಾ ಯಾವ ಪ್ರಬಂಧಕ್ಕೆ ಬೇಕು?

ಮಾಸ್ತರು ಹೇಳಿದರು. "ಶುದ್ಧವಾಗಿ ಮಾತಾಡು. ಒದರಾಡ್ತೀವಿ ಅಂತಾರೇನೋ? ದನ ಕಾಯೋರ ಭಾಷೆ."

ತರಗತಿ ನಕ್ಕಿತು. ಹುಡುಗ ಕೂತ. ಅವನು ಮತ್ತೆ ಏಳಲಿಲ್ಲ. ನಕ್ಕವರೂ ಏಳಲಿಲ್ಲ, ತಾವು ಎದ್ದರೂ ಇದೇ ಗತಿ ಎಂದು ಅವರಿಗೂ ಗೊತ್ತಾಯಿತು. ಬೋರ್ಡಿನ ಮೇಲೆ ಪ್ರಬಂಧ ಬಂತು. 'ಪೀಠಿಕೆ: ಮಳೆಯು ಪ್ರಕೃತಿಯ ಅಮೂಲ್ಯ ಕೊಡುಗೆಯಾಗಿದೆ.' ದಂಡೋತಿ ಬ್ರಿಡ್ಜ್ ಮುಳುಗಲೇ ಇಲ್ಲ.

ಐದು ನಿಮಿಷ ಬಿಟ್ಟು ಅದೇ ಮಾಸ್ತರ ಮೊಬೈಲ್ ಬಡಿಯಿತು. ವರಾಂಡಕ್ಕೆ ಹೋಗಿ ಎತ್ತಿದರು. "ಏ, ಎಲ್ಲಿ ಅದಿಯೋ? ನಾ ಸಾಲ್ಯಾಗ ಅದೀನಿ. ಆಮ್ಯಾಲ ಮಾತಾಡ್ತೀನಿ, ಈಗ ಒದರಬ್ಯಾಡ." ಕಿಟಕಿ ತೆರೆದಿತ್ತು. ಮಕ್ಕಳು ಕೇಳಿಸಿಕೊಂಡರು. ಈ ಸಾರಿ ಯಾರೂ ನಗಲಿಲ್ಲ. ನಗುವುದು ಯಾರ ಹಕ್ಕು ಎಂಬ ಪಾಠ ಆಗಲೇ ಮುಗಿದಿತ್ತು.

ಈ ಶುದ್ಧಿಯ ಹುಚ್ಚು ಎಲ್ಲಿಂದ ಬಂತೋ ಗೊತ್ತಿಲ್ಲ. ಈ ನೆಲದಿಂದ ಬಂದದ್ದಂತೂ ಅಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಶ್ರೀವಿಜಯ ಕವಿರಾಜಮಾರ್ಗ ಬರೆದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ ಅದು. ಅದರಲ್ಲಿ ಅವನು ಹೇಳುವುದೇನು? ಈ ನಾಡಿನ ಜನ ಶಾಲೆಯ ಹಂಗಿಲ್ಲದೆಯೂ ಕಾವ್ಯದ ಜಾಣ್ಮೆ ಬಲ್ಲವರು ಎನ್ನುತ್ತಾನೆ. ಇನ್ನೊಂದು ಕಡೆ, ಕನ್ನಡದ ದೇಸಿ ಒಂದೊಂದು ಕಡೆ ಒಂದೊಂದು ಥರ, ಅದರಲ್ಲಿ ಇಷ್ಟೇ ದೋಷ ಎಂದು ಎಣಿಸಲು ಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬರುತ್ತದೆ ಎಂಬ ಅರ್ಥದ ಮಾತನ್ನೂ ಹೇಳುತ್ತಾನೆ.

ವಾಸುಕಿ ಬೇಸತ್ತ ಕೆಲಸವನ್ನು ನಮ್ಮ ಮಾಸ್ತರು ಒಂದೇ ನಾಲಗೆಯಲ್ಲಿ, ಬೇಸರವಿಲ್ಲದೆ, ದಿನವೂ ಮಾಡುತ್ತಾರೆ. ಅವರಿಗೆ ಬೇಸರ ಬರುವುದು ಪಾಠ ಮಾಡುವಾಗ ಮಾತ್ರ.

ಕವಿರಾಜಮಾರ್ಗ ಅವರಿಗೆ ಗೊತ್ತಿಲ್ಲವೆಂದಲ್ಲ. ಚೆನ್ನಾಗಿ ಗೊತ್ತು. ಒಂದು ಅಂಕದ ಪ್ರಶ್ನೆ ಅದು. 'ಕನ್ನಡದ ಮೊದಲ ಉಪಲಬ್ಧ ಗ್ರಂಥ ಯಾವುದು?' ಉತ್ತರ ಬರೆಸುತ್ತಾರೆ. ಎರಡು ಸಲ ಹೇಳಿ ಕೆಳಗೆ ಗೆರೆ ಎಳೆಸುತ್ತಾರೆ. ಮಳಖೇಡ ಎಷ್ಟು ದೂರ ಎಂದು ಮಕ್ಕಳಿಗೆ ಗೊತ್ತಿದೆ, ಬಸ್ಸು ಆ ಊರಿನ ಮೇಲೇ ಹೋಗುತ್ತದೆ. ಆ ಪುಸ್ತಕಕ್ಕೂ ಈ ಊರಿಗೂ ಸಂಬಂಧ ಇದೆ ಎಂದು ಮಾತ್ರ ಯಾರೂ ಹೇಳಿಲ್ಲ. ಮಕ್ಕಳ ಪಾಲಿಗೆ ಮಳಖೇಡ ಎಂದರೆ ಸಿಮೆಂಟ್ ಫ್ಯಾಕ್ಟರಿ.

ಹಳೆಯ ಮಾತು ಬಿಡಿ. ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಯಾವ ಭಾಷೆಯದು? ಕಲಬುರಗಿಯ ಜನ ಅಳುವ, ಬೈಯುವ, ನಗುವ ಭಾಷೆ. ಕವಿ ಚೆನ್ನಣ್ಣ ವಾಲೀಕಾರ ನಮ್ಮ ಜಿಲ್ಲೆಯ ಚಿತ್ತಾಪುರ ತಾಲೂಕಿನ ಶಂಕರವಾಡಿಯಲ್ಲಿ ಹುಟ್ಟಿದವರು. ಈ ಕಡೆಯ ಮಾತನ್ನೇ ಎತ್ತಿಕೊಂಡು ಪದ್ಯ ಕಟ್ಟಿದರು, ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಹೇಳಿದರು. ದೆಹಲಿಯ ಅಕಾಡೆಮಿಗೆ ಶುದ್ಧವಾದದ್ದು, ವಿಶ್ವವಿದ್ಯಾಲಯಕ್ಕೆ ಶುದ್ಧವಾದದ್ದು, ಎಂಟನೇ ತರಗತಿಯ ಬಿ ವಿಭಾಗಕ್ಕೆ ಅಶುದ್ಧ. ಈ ಇಬ್ಬರೂ ಆ ತರಗತಿಯಲ್ಲಿ ಕೂತಿದ್ದರೆ ಎದ್ದು ನಿಂತ ಮೊದಲ ದಿನವೇ ಕೂರಿಸಿಬಿಡುತ್ತಿದ್ದರು.

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಹೋಗಿ ನಿಲ್ಲಿ. ಸೊಲ್ಲಾಪುರದ ಕಡೆಯ ಗಾಡಿ, ಸಿಕಂದರಾಬಾದಿನ ಕಡೆಯ ಗಾಡಿ, ರಾಯಚೂರಿನ ಕಡೆಯ ಗಾಡಿ. ರಜೆಯಲ್ಲಿ ಅಲ್ಲಿ ಶೇಂಗಾ ಮಾರುವ ಹುಡುಗನನ್ನು ನೋಡಿ. ಒಂದು ಡಬ್ಬಿಗೆ ಮರಾಠಿಯಲ್ಲಿ ಹತ್ತುತ್ತಾನೆ, ಇನ್ನೊಂದರಿಂದ ತೆಲುಗಿನಲ್ಲಿ ಇಳಿಯುತ್ತಾನೆ. ನಡುವೆ ಉರ್ದು. ಗುರುತಿನವರು ಸಿಕ್ಕರೆ ಕನ್ನಡ. ಮನೆ ತಾಂಡಾದಲ್ಲಿ ಇದ್ದರೆ ಅವ್ವನ ಜೊತೆ ಲಂಬಾಣಿಗರ ಗೋರ್ ಬೋಲಿ. ಇಷ್ಟು ಭಾಷೆಯಲ್ಲಿ ಲಾಭ ಮಾಡುವವನಿಗೆ ಸೋಮವಾರ ಶಾಲೆಯಲ್ಲಿ ಸಿಗುವ ಷರಾ: "ಭಾಷಾ ಸಾಮರ್ಥ್ಯ: ಸಿ ಪ್ಲಸ್." ಷರಾ ಬರೆದವರಿಗೆ ಎಷ್ಟು ಭಾಷೆ ಬರುತ್ತವೆ ಎಂಬ ಕಾಲಮ್ಮು ಆ ನಮೂನೆಯಲ್ಲಿ ಇಲ್ಲ.

"ತಾಂಡಾದ ಮಕ್ಕಳು ಬಾಯೇ ಬಿಡಂಗಿಲ್ರಿ." ಸ್ಟಾಫ್ ರೂಮಿನಲ್ಲಿ ಇದು ದಿನದ ಮಾತು. ಇದೇ ದೂರು ಅಮೆರಿಕದಲ್ಲೂ ಇತ್ತು. ಕಪ್ಪು ಜನರ ಮಕ್ಕಳಿಗೆ ಭಾಷೆಯೇ ಇಲ್ಲ ಎಂದು ದೊಡ್ಡ ದೊಡ್ಡ ಪಂಡಿತರು ಬರೆಯುತ್ತಿದ್ದರು. ವಿಲಿಯಂ ಲಬಾವ್ ಎಂಬ ಭಾಷಾವಿಜ್ಞಾನಿಯ ತಂಡದವನೊಬ್ಬ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಎಂಟು ವರ್ಷದ ಒಬ್ಬ ಹುಡುಗನನ್ನು ಮಾತಾಡಿಸಲು ಹೋದ. ಹುಡುಗ ಹೂಂ, ಉಹೂಂ ಬಿಟ್ಟು ಹೆಚ್ಚು ಆಡಲಿಲ್ಲ. ಮುಂದಿನ ಸಲ ಅದೇ ಮನುಷ್ಯ ಆಲೂ ಚಿಪ್ಸ್ ಪೊಟ್ಟಣ ತಂದ. ಹುಡುಗನ ಗೆಳೆಯನನ್ನೂ ಕರೆತಂದ. ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಹುಡುಗರು ಆಡುವ ಪೋಲಿ ಮಾತನ್ನು ತಾನೂ ಆಡಿದ. ಅಷ್ಟೇ. ಮೂಕ ಹುಡುಗನ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ಇದೆಲ್ಲ 1969ರಲ್ಲಿ ಅಚ್ಚಾಗಿದೆ.

ಖರ್ಚು ಒಂದು ಪೊಟ್ಟಣ ಚಿಪ್ಸ್. ಯಾವ ತರಬೇತಿ ಕೇಂದ್ರವೂ ಇದನ್ನು ಒಪ್ಪುವುದಿಲ್ಲ. ಟೆಂಡರ್ ಕರೆಯಲು ಬರುವುದಿಲ್ಲ.

ತರಬೇತಿಯ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಗುರುಚೇತನ ಬಂತು. 2019ರಲ್ಲಿ ದೆಹಲಿಯಿಂದ ನಿಷ್ಠಾ ಬಂತು. ಮಕ್ಕಳ ಜೊತೆ ಸಂವಾದ ನಡೆಸಬೇಕು, ಉಪನ್ಯಾಸ ಕೊಡಬಾರದು ಎಂಬ ವಿಷಯದ ಮೇಲೆ ದಿನಗಟ್ಟಲೆ ಉಪನ್ಯಾಸ ನಡೆಯಿತು. ಸ್ಲೈಡಿನಲ್ಲಿ ಇದ್ದದ್ದನ್ನು ಓದಬೇಡಿ ಎಂದು ಸ್ಲೈಡಿನಲ್ಲಿ ಬರೆದಿತ್ತು. ಸಂಪನ್ಮೂಲ ವ್ಯಕ್ತಿ ಅದನ್ನು ಓದಿದರು. ಮಾಸ್ತರುಗಳು ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡಿದರು, ಆಕಳಿಸಿದರು, ಊಟದ ಗಂಟೆ ಎಷ್ಟಕ್ಕೆ ಎಂದು ಕೇಳಿದರು. ಅವರಿಗೆ ಆಸಕ್ತಿ ಇಲ್ಲ ಎಂದು ಯಾರೂ ವರದಿ ಬರೆಯಲಿಲ್ಲ.

ನಲಿ-ಕಲಿಯ ಕಥೆಯೂ ಅಷ್ಟೇ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿಬಂದರು. ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಮಕ್ಕಳ ಜೊತೆ ನೆಲದ ಮೇಲೆ ಕೂತರು. ಶಿಕ್ಷಕರಿಗೆ ಖುಷಿಯಾಯಿತು, ಮಕ್ಕಳಿಗೂ ಆಯಿತು. ಸರ್ಕಾರಕ್ಕೆ ಈ ಖುಷಿ ಹಿಡಿಸಿತು. ಇಡೀ ರಾಜ್ಯ ನಲಿಯತಕ್ಕದ್ದು ಎಂದು ಆದೇಶ ಹೊರಟಿತು. ಅಂದಿನಿಂದ ಹಾಡು ರಿಜಿಸ್ಟರಿಗೆ ಬಂತು. ಎಷ್ಟೋ ಶಾಲೆಯಲ್ಲಿ ಈಗ ಕಾರ್ಡುಗಳು ಟ್ರಂಕಿನಲ್ಲಿ ಭದ್ರವಾಗಿವೆ. ಮಕ್ಕಳ ಕೈಗೆ ಕೊಟ್ಟರೆ ಹರಿಯುತ್ತವೆ, ಆಡಿಟ್‌ಗೆ ಉತ್ತರ ಯಾರು ಕೊಡುವುದು?

ಮಾಸ್ತರುಗಳ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಮೊಟ್ಟೆ ಎಣಿಸಬೇಕು. ಬಾಳೆಹಣ್ಣು ಎಣಿಸಬೇಕು. ಎರಡರ ಫೋಟೋನೂ ಹಾಕಬೇಕು. ಮತದಾರರ ಪಟ್ಟಿ, ಆನ್‌ಲೈನ್ ಎಂಟ್ರಿ, 2025ರ ದಸರೆಯಲ್ಲಿ ಮನೆಮನೆ ಸಮೀಕ್ಷೆ. ಶಾಲೆಯಲ್ಲಿ ನಾಲ್ಕು ಜನ ಇರಬೇಕಾದ ಕಡೆ ಇಬ್ಬರು. ಇದೆಲ್ಲ ನಿಜ, ಇದರ ವಿರುದ್ಧ ಅವರು ಕೂಗಿದರೆ ನಾನೂ ಜೊತೆಗೆ ಕೂಗುತ್ತೇನೆ. ಆದರೆ ದಂಡೋತಿ ಬ್ರಿಡ್ಜಿನ ಹುಡುಗನನ್ನು ದನ ಕಾಯುವವನು ಎಂದು ಅನ್ನಬೇಕು ಎಂದು ಯಾವ ಸುತ್ತೋಲೆಯಲ್ಲೂ ಬಂದಿಲ್ಲ. ಅದನ್ನು ಮಾತ್ರ ಸ್ವಂತ ಖುಷಿಯಿಂದ ಮಾಡುತ್ತಿದ್ದಾರೆ.

ಇನ್ನು ಅವರ ಸ್ವಂತ ಮಕ್ಕಳು. ಕನ್ನಡ ಮಾಸ್ತರ ಮಗಳು ಎಲ್ಲಿ ಓದುತ್ತಾಳೆ? ಕಲಬುರಗಿಯಲ್ಲಿ ರೂಮು ಮಾಡಿಸಿದ್ದಾರೆ, ಇಂಗ್ಲಿಷ್ ಮೀಡಿಯಂ. ತಪ್ಪೇನಿಲ್ಲ, ಅದು ಅವರ ಹಕ್ಕು. ಅವರ ಸಂಬಳ, ಅವರ ಮಗಳು. ಆದರೆ ಹುಡುಗರ ಮುಂದೆ ನಿಂತು ಹೆಮ್ಮೆಯಿಂದ ಹೇಳುವುದು ಯಾಕೆ? "ನಮ್ಮ ಮಗಳಿಗೆ ಕನ್ನಡ ಓದಕ್ಕೇ ಬರಂಗಿಲ್ಲ ನೋಡ್ರಿ, ಬರೇ ಇಂಗ್ಲಿಷು." ಹೇಳಿ ನಗುತ್ತಾರೆ. ಆಮೇಲೆ ಪುಸ್ತಕ ತೆರೆದು ತಾಯ್ನುಡಿಯ ಹಿರಿಮೆ ಎಂಬ ವಿಷಯದ ಮೇಲೆ ಪ್ರಬಂಧ ಬರೆಸುತ್ತಾರೆ. ಮಕ್ಕಳು ದಡ್ಡರಲ್ಲ. ಬಾಯಲ್ಲಿ ಹೇಳಿದ್ದು ಯಾವುದು, ಬರೆಸಿದ್ದು ಯಾವುದು ಎಂದು ಅವರಿಗೆ ಗೊತ್ತಾಗುತ್ತದೆ.

ನವೆಂಬರ್ ಬಂದರೆ ಈ ಮಾಸ್ತರನ್ನು ಹಿಡಿಯಲಾಗುವುದಿಲ್ಲ. ಕೊರಳಿಗೆ ಹಳದಿ-ಕೆಂಪು ಶಾಲು. ವೇದಿಕೆಯ ಮೇಲೆ ಗುಡುಗು. ಕನ್ನಡ ಅಳಿವಿನ ಅಂಚಿನಲ್ಲಿದೆ! ಯಾರು ಅಂಚಿಗೆ ತಳ್ಳಿದರು ಎಂದು ಹೇಳುವ ಹೊತ್ತಿಗೆ ಮೈಕು ಕೈಕೊಡುತ್ತದೆ. ಸಾಹಿತ್ಯ ಸಮ್ಮೇಳನ ಎಂದರೆ ಓಓಡಿ, ಅಂದರೆ ಅನ್ಯ ಕರ್ತವ್ಯದ ರಜೆ, ಸಿಗುತ್ತದೆ. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲೇ 85ನೇ ಅಖಿಲ ಭಾರತ ಸಮ್ಮೇಳನ ನಡೆಯಿತು. ಅಧ್ಯಕ್ಷರು ಎಚ್.ಎಸ್. ವೆಂಕಟೇಶಮೂರ್ತಿ, ಜೀವಮಾನವಿಡೀ ಮಕ್ಕಳಿಗೆ ಪದ್ಯ ಬರೆದವರು. ಮಾಸ್ತರುಗಳು ಹಿಂಡುಹಿಂಡಾಗಿ ಹೋದರು. ಕಿಟ್ ಬ್ಯಾಗಿಗೆ ಸಾಲು, ಊಟಕ್ಕೆ ಸಾಲು, ಹಾಜರಾತಿ ಪ್ರಮಾಣಪತ್ರಕ್ಕೆ ಎಲ್ಲಕ್ಕಿಂತ ಉದ್ದದ ಸಾಲು. ಪುಸ್ತಕ ಮಳಿಗೆಯಲ್ಲಿ 'ಹತ್ತನೇ ತರಗತಿ ಗೈಡ್ ಇದೆಯಾ?' ಎಂದು ಕೇಳಿದವರೂ ಇದ್ದರೆ ನನಗೆ ಆಶ್ಚರ್ಯವಿಲ್ಲ. ಆ ಮೂರು ದಿನ ಮಕ್ಕಳು ಆರಾಮಾಗಿ ಕನ್ನಡ ಮಾತಾಡಿಕೊಂಡಿದ್ದರು.

ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ ಇದೆ. ಯಲ್ಲಮ್ಮನ ಗುಡಿಗೆ ಎಲ್ಲರೂ ಹೋಗುತ್ತಾರೆ. ಅರವತ್ತು ಕಂಬದ ಗುಡಿಯ ಕಡೆ ತಲೆ ಹಾಕುವವರು ಕಡಿಮೆ. 11ನೇ ಶತಮಾನದಲ್ಲಿ ಅಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರ ಇತ್ತು. 1058ರ ಶಾಸನದಲ್ಲಿ ಪಾಠ ಹೇಳುವವರಿಗೆ, ಓದುವವರಿಗೆ ಮಾಡಿದ ಏರ್ಪಾಟಿನ ಜೊತೆಗೆ ಪುಸ್ತಕ ನೋಡಿಕೊಳ್ಳುವ ಆರು ಜನ ಸರಸ್ವತಿ ಭಂಡಾರಿಗರ ಲೆಕ್ಕವೂ ಇದೆ. ಅಂದು ಪುಸ್ತಕಕ್ಕೆ ಆರು ಜನ. ಇಂದು ಅದೇ ತಾಲೂಕಿನ ಶಾಲೆಯಲ್ಲಿ ಪುಸ್ತಕ ಇರುವುದು ಒಂದು ಗೋದ್ರೇಜ್ ಅಲಮಾರಿಯಲ್ಲಿ. ಕೀಲಿ ಹೆಡ್ ಮಾಸ್ತರ ಹತ್ತಿರ. ಹೆಡ್ ಮಾಸ್ತರು ಮೀಟಿಂಗಿನಲ್ಲಿ. ಮಕ್ಕಳಿಗೆ ಓದುವ ಹವ್ಯಾಸ ಇಲ್ಲ ಎಂಬುದೇ ಮೀಟಿಂಗಿನ ವಿಷಯ.

ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೂ ಕರೆದೊಯ್ಯುತ್ತಾರೆ, ಇಲ್ಲ ಎನ್ನುವ ಹಾಗಿಲ್ಲ. ನಾಗಾವಿಗಲ್ಲ, ಮಳಖೇಡಕ್ಕಲ್ಲ. ಮೈಸೂರಿಗೆ. ಜಿರಾಫೆ ನೋಡಲು.

ಇಷ್ಟರ ನಡುವೆಯೂ ಕೆಲವು ಕಡೆ ಮಕ್ಕಳ ಬಾಯಿ ತೆರೆದಿರುತ್ತದೆ. ಚಿಂಚೋಳಿ ಕಡೆಯ ಒಂದು ಶಾಲೆ. ತಾಂಡಾದ ಮಕ್ಕಳೇ ಹೆಚ್ಚು. ಕನ್ನಡ ಕಲಿಸುವವರು ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಗೊತ್ತಲ್ಲ, ಬಾ ಎಂದು ಕರೆಸಿಕೊಂಡು ಹತ್ತು ತಿಂಗಳಿಗೆ ಎದ್ದು ಹೋಗು ಎನ್ನಿಸಿಕೊಳ್ಳುವವರು. 2025ರ ಬಜೆಟ್ಟಿನಲ್ಲಿ ಇವರ ಗೌರವಧನ ತಿಂಗಳಿಗೆ 2,000 ರೂಪಾಯಿ ಏರಿತು. ಗೌರವ ಇದ್ದಲ್ಲೇ ಇದೆ.

ಆ ಮೇಡಂ ತತ್ವಪದದ ಪಾಠ ಬಂದಾಗ ಪುಸ್ತಕ ಮುಚ್ಚಿಸಿದರು. ನಿಮ್ಮ ಊರಲ್ಲಿ ಭಜನಿ ಮಾಡೋರು ಯಾರಿದ್ದಾರೆ ಎಂದು ಕೇಳಿದರು. ಹದಿನೈದು ಕೈ ಎದ್ದವು. ಮರುದಿನ ಒಬ್ಬ ಹುಡುಗ ತನ್ನ ತಾತನನ್ನೇ ಕರೆತಂದ. ಮುತ್ಯಾ ಏಕತಾರಿ ಹಿಡಿದು ಕೂತ. ಕಡಕೋಳ ಮಡಿವಾಳಪ್ಪನ ಪದ ಒಂದು ಹಾಡಿದ, ಚೆನ್ನೂರು ಜಲಾಲ ಸಾಹೇಬನ ಪದ ಒಂದು ಹಾಡಿದ. ಮಕ್ಕಳು ಚಪ್ಪಾಳೆ ತಟ್ಟಿ ಧಾಟಿ ಹಿಡಿದರು. ಒಬ್ಬಳು ಕೇಳಿದಳು. "ಮುತ್ಯಾ, ಸಾಹೇಬರು ಅಂದ್ರ ಮುಸಲ್ಮಾನರಲ್ಲೇನು? ಮತ್ತ ನೀ ಯಾಕ ಹಾಡ್ತಿ?" ಮುತ್ಯಾ ಅರ್ಧ ಗಂಟೆ ಮಾತಾಡಿದ. ಆ ಅರ್ಧ ಗಂಟೆಗೆ ಸಮನಾದ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಒಂದು ವಾರ ಮಕ್ಕಳು ಮನೆಮನೆ ಸುತ್ತಿ ಪದ ಬರೆದುಕೊಂಡು ಬಂದರು. ಕಾಗುಣಿತ ತಪ್ಪಿತ್ತು. ಮೇಡಂ ಮೊದಲು ಹಾಡಿಸಿದರು, ಆಮೇಲೆ ತಿದ್ದಿದರು.

ತಪಾಸಣೆಗೆ ಬಂದ ಸಾಹೇಬರು ಮೆಚ್ಚಿದರೇ? ಪಾಠ ಟಿಪ್ಪಣಿ ಪುಸ್ತಕ ಕೇಳಿದರು. ಆ ವಾರದ್ದು ಖಾಲಿ ಇತ್ತು. "ಪಾಠ ಯೋಜನೆ ಇಲ್ಲದೆ ಹೊರಗಿನ ವ್ಯಕ್ತಿಗೆ ತರಗತಿಗೆ ಪ್ರವೇಶ ನೀಡಲಾಗಿದೆ" ಎಂದು ಷರಾ ಬರೆದರು. ಪಕ್ಕದ ಕೋಣೆಯಲ್ಲಿ ಕಾಯಂ ಮಾಸ್ತರು ಗೈಡು ಓದಿಸುತ್ತಿದ್ದರು. ಅವರ ಟಿಪ್ಪಣಿ ಪುಸ್ತಕ ಮಾರ್ಚ್‌ವರೆಗೆ ಭರ್ತಿಯಾಗಿತ್ತು. ಅದಕ್ಕೆ 'ಉತ್ತಮ' ಬಿತ್ತು.

ಇದು ಒಬ್ಬ ಸಾಹೇಬರ ತಪ್ಪಲ್ಲ, ಇಲಾಖೆಯ ಮನಸ್ಸೇ ಹೀಗೆ. ಮಾಸ್ತರು ಮಕ್ಕಳನ್ನು ನೋಡುವ ಹಾಗೆಯೇ ಇಲಾಖೆ ಮಾಸ್ತರನ್ನು ನೋಡುತ್ತದೆ. ನಿನಗೆ ಏನೂ ಬರುವುದಿಲ್ಲ, ಹೇಳಿದ್ದು ಬರಕೋ. ಕೊನೆಯ ಸ್ಥಾನ ಬಂದ ಮೇಲೆ ಇಲಾಖೆ ಏನು ಕೊಟ್ಟಿತು? ಪಾಸಿಂಗ್ ಪ್ಯಾಕೇಜು. ಇಷ್ಟು ಓದಿದರೆ ಸಾಕು, ಮಿಕ್ಕಿದ್ದು ಬೇಡ. ಪ್ಯಾಕೇಜಿನಲ್ಲಿ ಲಾವಣಿ ಇಲ್ಲ, ಲಾವಣಿಯ ಕವಿ ಪರಿಚಯ ಇದೆ. ವಿಶೇಷ ತರಗತಿ ಬಂತು. ಹಗಲು ಬೇಸರವಾದ ಪಾಠವನ್ನು ಸಂಜೆ ಅದೇ ಮಾಸ್ತರು ಅದೇ ದನಿಯಲ್ಲಿ ಇನ್ನೊಂದು ಸಲ ಹೇಳುವುದಕ್ಕೆ ವಿಶೇಷ ಎನ್ನುತ್ತಾರೆ. ಅದೂ ಸಾಲದು ಎನಿಸಿದಾಗ 2025ರ ಅಕ್ಟೋಬರಿನಲ್ಲಿ ಪಾಸಿನ ಗೆರೆಯನ್ನೇ ಶೇ. 35ರಿಂದ 33ಕ್ಕೆ ಇಳಿಸಿದರು. ಮಕ್ಕಳನ್ನು ಎತ್ತುವುದಕ್ಕಿಂತ ಗೆರೆ ಇಳಿಸುವುದು ಹಗುರ. ಗೆರೆ ಎದುರು ಮಾತಾಡುವುದಿಲ್ಲ.

ಮೊನ್ನೆ ಒಂದು ಶಾಲೆಯಲ್ಲಿ ಪಾಲಕರ ಸಭೆ. ಗಣಿಯಲ್ಲಿ ಕಲ್ಲು ಒಡೆಯುವ ಒಬ್ಬ ತಂದೆ ಅರ್ಧ ದಿನದ ಪಗಾರ ಬಿಟ್ಟು ಬಂದಿದ್ದ. ಮಾಸ್ತರು ಅಂಕಪಟ್ಟಿ ಮುಂದಿಟ್ಟರು. "ನೋಡಪ್ಪಾ, ನಿನ್ನ ಮಗ ಕನ್ನಡದಾಗೂ ಫೇಲು. ಕ್ಲಾಸಿನ್ಯಾಗ ಒಂದ್ ಮಾತ್ ಆಡಂಗಿಲ್ಲ. ಆಸಕ್ತಿನೇ ಇಲ್ಲ ಅವಂಗ."

ಆ ಮನುಷ್ಯ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಂಗ್ಯಾಂಗ್ರಿ ಸರ? ಮನ್ಯಾಗ ಅಂವನ ಬಾಯಿ ನಿಂದ್ರಂಗಿಲ್ರಿ. ರಾತ್ರಿ ಅವ್ವಗ ಕಥಿ ಹೇಳ್ತಾನ್ರಿ. ನಿಮ್ಮ ಮುಂದ ಯಾಕ ಮಾತಾಡವಲ್ಲ?"

ಮಾಸ್ತರು ಗಡಿಯಾರ ನೋಡಿದರು. ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿದ್ದರು. ಸಭೆಯ ರಿಜಿಸ್ಟರ್ ಅವನ ಕಡೆ ಸರಿಸಿ, ಪಾಲಕರಿಗೆ ತಿಳಿವಳಿಕೆ ನೀಡಲಾಯಿತು ಎಂದು ಮೊದಲೇ ಬರೆದಿಟ್ಟಿದ್ದ ಸಾಲಿನ ಮುಂದೆ ಬೆರಳಿಟ್ಟು, "ಇಲ್ಲಿ ಸಹಿ ಮಾಡು" ಎಂದರು.